ಗೋಡೆಯೊಳಗೆ 48 ಹರ್ಟ್ಸ್: ಬೀಗ ಹಾಕಿದ ಮನೆಯ ಸದ್ದು ಹಿಡಿದ ಕಥೆ

ದೆವ್ವ ಹುಡುಕುವ ಗುಂಪಿನ ಜೊತೆ ಕೆ2 ಮೀಟರ್ (ಸುತ್ತ ವಿದ್ಯುತ್ಕಾಂತ ಕ್ಷೇತ್ರ ಸಿಕ್ಕರೆ ಲೈಟು ಹೊತ್ತಿಸುವ ಯಂತ್ರ) ಹಿಡಿದು "ಯಾರಾದ್ರೂ ಇದ್ದೀರಾ? ಇದ್ದರೆ ಲೈಟ್ ಹೊತ್ತಿಸಿ" ಅಂತ ಕತ್ತಲೆಯನ್ನು ಕೇಳುವ ಕೆಲಸ ಬಿಟ್ಟು ಮೂರು ವರ್ಷದ ಮೇಲಾಯಿತು. ಅದನ್ನು ಬಿಟ್ಟು, ನೆಲ ಗೋಡೆಗಳ ಸಣ್ಣ ನಡುಕ ಹಿಡಿಯುವ ಜಿಯೋಫೋನ್ ಕೈಗೆತ್ತಿಕೊಂಡಾಗ ನಮ್ಮ ಗುಂಪಿನವರೆಲ್ಲ ನಕ್ಕಿದ್ದರು. "ಜಿಯೋಫೋನ್ ತಗೊಂಡು ಏನ್ ಮಾಡ್ತೀಯ ಮಾರಾಯ, ಭೂಕಂಪದ ಆಫೀಸ್ ತೆಗೀತೀಯಾ?" ಅಂತ ಒಬ್ಬರು ಕೇಳಿದ್ದರು. ಹೆಸರು ಬೇಡ. ಈಗ ಅವರೇ ವಾರಕ್ಕೊಂದು ಸಲ ಫೋನ್ ಮಾಡಿ ಸರ್ಕ್ಯೂಟ್ ಕೇಳುತ್ತಾರೆ. ತಿಪಟೂರು ಕಡೆಯ ಒಂದು ಮನೆಯಲ್ಲಿ, ಜಿಯೋಫೋನ್ ಇಟ್ಟು ನಾನೇ ಮಾಡಿದ ಪೆಟ್ಟಿಗೆ ಕೊನೆಗೂ ಕೆಲಸ ಮಾಡಿತು. ಅದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲು ದುಡ್ಡಿನ ಮಾತು. ಈ ಹುಚ್ಚಿಗೆ ಬಿದ್ದ ಮೇಲೆ ಸುಮಾರು 45 ಸಾವಿರ ಸುರಿದಿದ್ದೇನೆ. ಅದರಲ್ಲಿ 30 ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮೊದಲ ಕೆ2 ಏಳು ಸಾವಿರದ್ದು. ಬಿಚ್ಚಿ ನೋಡಿದರೆ ನಕಲಿ, ಮಾರಿದವನು ಫೋನ್ ಎತ್ತಲಿಲ್ಲ. ಎರಡನೆಯದು ಅಸಲಿ, ಆದರೆ ಅಸಲಿಯೂ ಐದು ಲೈಟಿನ ಗೊಂಬೆಯೇ. ಜೇಬಿನಲ್ಲಿ ಮೊಬೈಲ್ ಇದ್ದರೆ ಅದಕ್ಕೂ ಕುಣಿಯುತ್ತದೆ. ರೆಮ್ ಪಾಡ್‌ಗೆ ಒಂಬತ್ತೋ ಹತ್ತೋ ಸಾವಿರ ಹೋಯಿತು. ಹತ್ತಿರ ಏನಾದರೂ ಸುಳಿದರೆ ಕೂಗುವ ಯಂತ್ರ ಅದು, ಮಳೆಗಾಲದಲ್ಲಿ ಹೊರಗಿಟ್ಟರೆ ರಾತ್ರಿಯೆಲ್ಲ ಕಿರುಚುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ 1,200. ಅದು ತೋರಿಸುವುದು ಗೋಡೆಯ ಮೈ ಎಷ್ಟು ತಣ್ಣಗಿದೆ ಅಂತ, ಗಾಳಿಯದ್ದಲ್ಲ. ಇದು ಗೊತ್ತಾಗುವ ಹೊತ್ತಿಗೆ ನಾನು ಮೂರು ಮನೆಗಳಲ್ಲಿ "ಕೋಲ್ಡ್ ಸ್ಪಾಟ್", ಅಂದರೆ ದೆವ್ವ ನಿಂತು ಗಾಳಿ ತಣ್ಣಗಾದ ಜಾಗ, ಹಿಡಿದಾಗಿತ್ತು! ಈಗಲೂ ನೆನೆಸಿಕೊಂಡರೆ ನಾಚಿಕೆ.

ಸ್ಪಿರಿಟ್ ಬಾಕ್ಸ್ ಬಗ್ಗೆ ಒಂದು ಮಾತು. ಎಫ್‌ಎಂ ಬ್ಯಾಂಡನ್ನು ಸರಸರ ತಿರುಗಿಸಿ ತುಂಡು ತುಂಡು ಮಾತು ಕೇಳಿಸುವ ಆ ಯಂತ್ರವನ್ನು ಬೆಂಗಳೂರಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ಗಂಟೆ ಓಡಿಸಿದೆ. ಅರ್ಥವಾಗುವ ಪದಗಳನ್ನು ಬರೆದುಕೊಂಡೆ. ಎಪ್ಪತ್ತೋ ಎಂಬತ್ತೋ ಬಂದವು. ಆಮೇಲೆ ಹಳ್ಳಿಯ ಒಂದು ಪಾಳು ಮನೆಯಲ್ಲಿ ಅಷ್ಟೇ ಹೊತ್ತು ಓಡಿಸಿದರೆ ಹನ್ನೆರಡು ಪದ. ಬೆಂಗಳೂರಿನ ದೆವ್ವಗಳಿಗೆ ಬಾಯಿ ಜಾಸ್ತಿ ಅನ್ನೋಣವೇ, ಅಥವಾ ಅಲ್ಲಿ ರೇಡಿಯೋ ಸ್ಟೇಷನ್ ಜಾಸ್ತಿ ಅನ್ನೋಣವೇ? ಆ ಹನ್ನೆರಡರಲ್ಲಿ ಒಂದು "ಹೋಗು" ಅಂತ ಇತ್ತು. ಜೊತೆಗಿದ್ದ ಹುಡುಗ ನಿಜವಾಗಿಯೂ ಎದ್ದು ಹೋದ.

ಈಗ ತಿಪಟೂರಿನ ಮನೆ. ಹಳೆಯ ತೊಟ್ಟಿ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ದೊಡ್ಡಪ್ಪನ ಪಾಲಿಗೆ ಬೀಗ. ಅವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ, ತೋಟ ಗುತ್ತಿಗೆಗೆ. ಈಚೆ ಪಾಲಿನಲ್ಲಿ ತಮ್ಮನ ಮಗ, ಅವನ ಹೆಂಡತಿ, ಮಕ್ಕಳು, ಅಜ್ಜಿ. ದೊಡ್ಡಪ್ಪ ಹೋದ ಒಂದೇ ತಿಂಗಳಲ್ಲಿ ಸದ್ದು ಶುರು. ನಡುರಾತ್ರಿ ಬೀಗ ಹಾಕಿದ ಕಡೆಯಿಂದ ಗೋಡೆಗೆ ಯಾರೋ ಗುದ್ದಿದ ಹಾಗೆ ಢಬ್, ಢಬ್, ಢಬ್. ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ. "ಅಮಾಸೆ, ಹುಣ್ಣಿಮೆ ಆಸುಪಾಸು ನೋಡಿ ಸಾರ್" ಅಂತ ಮನೆಯವರು ಹೇಳಿದರು. ಬೀಗದ ಬಾಗಿಲಿನ ಮೇಲೆ ಯಾರೋ ಇದ್ದಿಲಿನಲ್ಲಿ "ನಾಳೆ ಬಾ" ಅಂತಲೂ ಬರೆದಿದ್ದರು.

ಅಟ್ಟದ ತುಂಬ ಉಂಡೆ ಕೊಬ್ಬರಿಗೆ ಅಂತ ಇಟ್ಟ ತೆಂಗಿನಕಾಯಿ. ನಾನು ಜಾಣನ ಹಾಗೆ, "ಅಜ್ಜಿ, ಇಲಿ ಕಾಯಿ ಉರುಳಿಸ್ತಿರಬೇಕು" ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಪ್ಪತ್ತು ವರ್ಷದಿಂದ ಇದೇ ಅಟ್ಟದ ಕೆಳಗೆ ಮಲಗಿವ್ನಿ ಕಣಪ್ಪ. ಕಾಯಿ ಉರುಳೋ ಸದ್ದು ನಂಗೊತ್ತಿಲ್ವಾ?" ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ನನಗಿಂತ ಮುಂಚೆ ಇನ್ನೊಂದು ತಂಡ ಬಂದು ಹೋಗಿತ್ತು. ಅವರ ವಿಡಿಯೋ ನೋಡಿದೆ. ನಡುಗೋಡೆಯ ಹತ್ತಿರ ಕೆ2 ಇಟ್ಟಿದ್ದಾರೆ, ಮೂರು ಲೈಟು ಹೊತ್ತಿವೆ. "ದೊಡ್ಡಪ್ಪ ನೀವೇನಾ?" ಅಂತ ಕೇಳಿದ ಸ್ವಲ್ಪ ಹೊತ್ತಿಗೆ ಲೈಟು ಆರುತ್ತದೆ, ಹಿಂದೆಯೇ ಢಬ್. ನೋಡುವವರ ಮೈ ಜುಮ್ಮೆನ್ನಬೇಕು. ಅವರು ಶಾಂತಿ ಮಾಡಿಸಲು ಹೇಳಿ, 25 ಸಾವಿರದ ಲೆಕ್ಕ ಕೊಟ್ಟು ಹೋಗಿದ್ದರು. ನನಗೆ ಮಾತ್ರ ಒಂದು ವಿಷಯ ಕೊರೆಯತೊಡಗಿತು. ಲೈಟು ಆರಿದ ಮೇಲೆ ಸದ್ದು ಬಂದಿದೆ. ಹೊತ್ತಿದಾಗ ಅಲ್ಲ.

ನನ್ನ ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ಇಎಸ್‌ಪಿ-32 ಬೋರ್ಡು (ಪುಟ್ಟ ಕಂಪ್ಯೂಟರ್), 10 ಹರ್ಟ್ಸ್ ಜಿಯೋಫೋನ್, ಅದರ ಸಿಗ್ನಲನ್ನು ಅಂಕಿಗೆ ತಿರುಗಿಸುವ ಎಡಿಎಸ್-1115, ಸುತ್ತಲಿನ ಕರೆಂಟಿನ ಕಾಂತಕ್ಷೇತ್ರ ಹಿಡಿಯಲು ಹಳೇ ಟೆಲಿಫೋನ್ ಪಿಕಪ್ ಕಾಯಿಲ್, ತಾಪಮಾನಕ್ಕೆ ಒಂದು ಪ್ರೋಬು, ಎಸ್‌ಡಿ ಕಾರ್ಡು. ಹೆಚ್ಚು ಕಡಿಮೆ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನ ಮಾಲು, ಜಿಯೋಫೋನ್ ಒಂದನ್ನು ಬಿಟ್ಟು. ಒಂದು ಪೆಟ್ಟಿಗೆಗೆ ಐದೂವರೆ ಸಾವಿರ ಬಿತ್ತು. ಎರಡು ಮಾಡಿದೆ. ಒಂದು ಸದ್ದು ಬರುವ ಜಾಗಕ್ಕೆ, ಇನ್ನೊಂದು ಯಾರೂ ದೂರು ಹೇಳದ ಜಾಗಕ್ಕೆ. ಈ ಎರಡನೇ ಪೆಟ್ಟಿಗೆ ದಂಡ ಅಂತ ಹೇಳಿದವರೇ ಜಾಸ್ತಿ.

ಮೊದಲ ಸಲ ಹೋದಾಗ ಏನೂ ಸಿಗಲಿಲ್ಲ. ಪೆಟ್ಟಿಗೆ ಎಳೆಯುವ ಕರೆಂಟು ತುಂಬಾ ಕಡಿಮೆ, ಅದಕ್ಕೇ ಪವರ್ ಬ್ಯಾಂಕು ಯಾರೂ ಇಲ್ಲ ಅಂದುಕೊಂಡು ತಾನೇ ಮಲಗಿಬಿಡುತ್ತದೆ. ನಾವು ಬಾಗಿಲು ಹಾಕಿಕೊಂಡು ಬಂದ ಮುಕ್ಕಾಲು ನಿಮಿಷಕ್ಕೇ ಎರಡೂ ಸತ್ತಿದ್ದವು. ಬೆಳಗ್ಗೆ ಕಾರ್ಡು ತೆಗೆದರೆ ಬರೀ ನಮ್ಮ ಹೆಜ್ಜೆ ಸದ್ದು. ಆಮೇಲೆ ಒಂದು ರೆಸಿಸ್ಟರ್ ಹಾಕಿ ಅದನ್ನು ಎಚ್ಚರವಾಗಿಟ್ಟೆ. ಎಷ್ಟು ಓಮ್ಸ್ ಅಂತ ನಿಮ್ಮ ಪವರ್ ಬ್ಯಾಂಕ್ ನೋಡಿ ನೀವೇ ಹುಡುಕಿಕೊಳ್ಳಿ.

ಎರಡನೇ ಸಲ ಸದ್ದು ಸಿಕ್ಕಿತು, ಸಮಯ ಸಿಗಲಿಲ್ಲ. ಬೋರ್ಡಿನ ಒಳಗಿನ ಗಡಿಯಾರವನ್ನೇ ನಂಬಿದ್ದೆ. ಬೆಳಗಾಗುವಷ್ಟರಲ್ಲಿ ಎರಡು ಪೆಟ್ಟಿಗೆಗಳ ನಡುವೆ ಹದಿನೈದು ಸೆಕೆಂಡು ವ್ಯತ್ಯಾಸ. ಯಾವುದು ಮೊದಲು ಯಾವುದು ಆಮೇಲೆ ಅಂತಲೇ ಹೇಳಲಾಗದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು? 150 ರೂಪಾಯಿಯ ಡಿಎಸ್-3231 ಗಡಿಯಾರ ಹಾಕಿದೆ, ಸರಿಹೋಯಿತು. 150 ರೂಪಾಯಿ ಉಳಿಸಲು ಹೋಗಿ ಪೆಟ್ರೋಲಿಗೆ 1,600 ಕಳೆದುಕೊಂಡೆ.

ಮೂರನೇ ಸಲ ಇಲಿ ವೈರು ಕಡಿಯಿತು. ಅದರ ಬಗ್ಗೆ ಹೇಳುವುದೇನಿಲ್ಲ.

ಜಿಯೋಫೋನನ್ನು ಮಣ್ಣಿನ ಗಾರೆಯ ಗೋಡೆಗೆ ಅಂಟಿಸುವುದೇ ದೊಡ್ಡ ತಲೆನೋವು. ಮೊದಲು ನಡುಕ ಹಿಡಿಯಲು ಹತ್ತು ರೂಪಾಯಿಯ ಪೀಜೋ ಬಿಲ್ಲೆ ಹಾಕಿ ನೋಡಿದ್ದೆ. ಗಾರೆ ಒಳಗೆ ಪೊಳ್ಳು, ಬಿಲ್ಲೆಗೆ ಏನೂ ಕೇಳಿಸದು. ಬಿಸಿ ಅಂಟು ಹಾಕಿದರೆ ಸುಣ್ಣದ ಸಮೇತ ಕಿತ್ತು ಬರುತ್ತದೆ. ಕೊನೆಗೆ ನಮ್ಮಮ್ಮನ ಅಡುಗೆಮನೆಯ ಎರಡು ವಸ್ತು ಕಲಸಿ ಒಂದು ಪಾಕ ಮಾಡಿದೆ. ಗಟ್ಟಿಯಾಗಿ ಹಿಡಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಗುರುತೇ ಇರುವುದಿಲ್ಲ. ಆ ಪಾಕ ಹೇಳಲ್ಲ.

ನಾಲ್ಕನೇ ಸಲ ಒಂಬತ್ತು ದಿನ ಪೆಟ್ಟಿಗೆ ಬಿಟ್ಟು ಬಂದೆ. ವಾಪಸ್ ತಂದು ಲ್ಯಾಪ್‌ಟಾಪಿನಲ್ಲಿ ತೆರೆದಾಗ ಮೊದಲು ಕಂಡಿದ್ದು ಸದ್ದಲ್ಲ. ಸದ್ದಿಗೆ ಮುಂಚೆ ಗಂಟೆಗಟ್ಟಲೆ ಗೋಡೆಯಲ್ಲಿ ಒಂದು ಸಣ್ಣ ನಡುಕ, ದಾರ ಎಳೆದ ಹಾಗೆ ನೆಟ್ಟಗೆ. ಇದನ್ನು ಗುಂಪಿನವರಿಗೆ ತೋರಿಸಿದರೆ "ಅದು ಮೇನ್ಸ್ ಹಮ್ಮು, ವೈರಿನಲ್ಲಿ ಬರುತ್ತೆ, ಬಿಡು" ಅಂದರು. ಮೇನ್ಸ್, ಅಂದರೆ ಮನೆಯ ಕರೆಂಟಿನದ್ದೇ ಗುಂಯ್‌ಗುಡುವಿಕೆ ಆಗಿದ್ದರೆ 50 ಹರ್ಟ್ಸ್‌ನಲ್ಲಿ ಇರಬೇಕು. ಕಾಯಿಲ್‌ನಲ್ಲಿ 50 ಇತ್ತು, ಸರಿ. ಜಿಯೋಫೋನ್‌ನಲ್ಲಿ ಇದ್ದದ್ದು 48. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 48 ಹರ್ಟ್ಸ್ ಅಂದರೆ ಸೆಕೆಂಡಿಗೆ 48 ಸಲ, ನಿಮಿಷಕ್ಕೆ 2,880 ಸುತ್ತು. ಮೋಟಾರ್ ಕಟ್ಟಿದವರು ಯಾರೇ ಆದರೂ ಹೇಳುತ್ತಾರೆ, ಅದು ಎರಡು ಪೋಲಿನ ಇಂಡಕ್ಷನ್ ಮೋಟಾರ್. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್!

ಇನ್ನು ಉಳಿದಿದ್ದು ಜೋಡಿಸುವುದು. 48ರ ನಡುಕ ನಿಲ್ಲುತ್ತದೆ, ಅದೇ ಗಳಿಗೆಯಲ್ಲಿ ಕಾಯಿಲ್‌ನ ಮಟ್ಟ ಧೊಪ್ಪನೆ ಇಳಿಯುತ್ತದೆ, ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತಿಗೆ ಢಬ್, ಢಬ್, ಢಬ್. ಒಂಬತ್ತು ದಿನದಲ್ಲಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸಲ. ಒಂದು ಸಲವೂ ತಪ್ಪಿಲ್ಲ. ಅದರಲ್ಲಿ ಅರ್ಧದಷ್ಟು ಹಗಲು ಹೊತ್ತಿನವು. ಟಿವಿ, ದನ, ಮಕ್ಕಳ ಗಲಾಟೆಯಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ. ಅಡುಗೆಮನೆಯಲ್ಲಿ ದಂಡಕ್ಕೆ ಇಟ್ಟಿದ್ದ ಎರಡನೇ ಪೆಟ್ಟಿಗೆಯಲ್ಲೂ ಅವೇ ಗುದ್ದುಗಳಿದ್ದವು, ಎಂಟರಲ್ಲಿ ಒಂದು ಪಾಲಿನಷ್ಟು ಮೆತ್ತಗೆ. ಅಂದರೆ ಸದ್ದು ಹುಟ್ಟುವುದು ನಡುಗೋಡೆಯಲ್ಲೇ.

ಹಾಗಾದರೆ ಅಮಾವಾಸ್ಯೆ? ಅವರ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಸದ್ದು ಕೇಳಿದ ದಿನ ಆ ಮನೆಯ ಹೆಣ್ಣುಮಗಳು ಹಾಲಿನ ಲೀಟರ್ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದರು. ಇಡೀ ಕೇಸಿನಲ್ಲಿ ನನ್ನ ಪೆಟ್ಟಿಗೆಗಿಂತ ಒಳ್ಳೆಯ ಉಪಕರಣ ಅದೇ. ಆ ಊರಿನಲ್ಲಿ ಆಗ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಒಂದು ವಾರ ಹಗಲು, ಒಂದು ವಾರ ರಾತ್ರಿ. ಅಂದರೆ 14 ದಿನಕ್ಕೊಮ್ಮೆ ರಾತ್ರಿ ಪಾಳಿ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಕಾಲು ದಿನ ಕಡಿಮೆ 15 ದಿನ. ಎರಡೂ ಒಂದೇ ಸಲ ಶುರುವಾದರೆ ಎರಡು ಮೂರು ತಿಂಗಳು ಕೈ ಕೈ ಹಿಡಿದುಕೊಂಡೇ ಹೋಗುತ್ತವೆ. ಅಷ್ಟರಲ್ಲಿ ಮನೆಯವರಿಗೆ ನಂಬಿಕೆ ಕೂತಿತ್ತು. ಐದಾರು ತಿಂಗಳ ಹೊತ್ತಿಗೆ ಚುಕ್ಕೆಗಳೆಲ್ಲ ಅಷ್ಟಮಿಯ ಕಡೆ ಜಾರಿದ್ದವು. "ಆಸುಪಾಸು" ಅನ್ನುವ ಮಾತು ಅದನ್ನೂ ನುಂಗಿತ್ತು.

ದೊಡ್ಡಪ್ಪನ ಮಗನಿಗೆ ಫೋನ್ ಮಾಡಿಸಿದೆ. ಎರಡು ಮನೆಗೆ ಮಾತುಕತೆ ಅಷ್ಟಕ್ಕಷ್ಟೇ, ಒಪ್ಪಿಸಲು ಮೂರು ವಾರ ಬೇಕಾಯಿತು. ಅವರೇ ಬಂದು ಬೀಗ ತೆಗೆದರು. ನಡುಗೋಡೆಗೆ ಆತುಕೊಂಡೇ ಏಳೂವರೆ ಎಚ್‌ಪಿ ಮೋಟಾರಿನ ಸ್ಟಾರ್ಟರ್ ಡಬ್ಬ, ಸ್ವಿಚ್ಚು ಆಟೋದಲ್ಲಿ, ಅಂದರೆ ಕರೆಂಟು ಬಂದರೆ ಮೋಟಾರ್ ತಾನೇ ಶುರು. ಕೆ2 ಯಾಕೆ ಹೊತ್ತುತ್ತಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಅದರ ಪಕ್ಕದಲ್ಲಿ ತೋಟದಿಂದ ಹಿತ್ತಲ ತೊಟ್ಟಿಗೆ ಹೋಗುವ ಎರಡೂವರೆ ಇಂಚಿನ ಜಿಐ ಪೈಪು, ಗೋಡೆಗೆ ಕ್ಲಾಂಪು ಹೊಡೆದು ಬಿಗಿದಿದ್ದಾರೆ. ಒಂದು ಕ್ಲಾಂಪಿನ ಮೊಳೆ ಸಡಿಲ. ಅದರ ಸುತ್ತ ಪೈಪು ಬಡಿದೂ ಬಡಿದೂ ಇಟ್ಟಿಗೆಯಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು, ನೆಲದಲ್ಲಿ ಒಂದು ಹಿಡಿ ಕೆಂಪು ಪುಡಿ. ಕರೆಂಟು ಹೋದಾಗ ಮೇಲೇರುತ್ತಿದ್ದ ನೀರು ಹಿಂದಕ್ಕೆ ನುಗ್ಗುತ್ತದೆ, ಅದನ್ನು ತಡೆಯುವ ನಾನ್ ರಿಟರ್ನ್ ವಾಲ್ವ್ ಪಟ್ಟನೆ ಮುಚ್ಚುತ್ತದೆ, ಆ ಹೊಡೆತಕ್ಕೆ ಪೈಪು ಹಾರಿ ಗೋಡೆಗೆ ಗುದ್ದುತ್ತದೆ. ಅಷ್ಟೇ.

ಅದು ಹಗಲು ಪಾಳಿಯ ವಾರ. ಅಜ್ಜಿಯನ್ನು ಈಚೆ ಗೋಡೆಯ ಬುಡದಲ್ಲಿ ಕೂರಿಸಿ ನಾನು ಆಚೆಯಿಂದ ಮೋಟಾರ್ ಆಫ್ ಮಾಡಿದೆ. ಢಬ್, ಢಬ್, ಢಬ್. ಇನ್ನೊಂದು ಸಲ ಆನ್ ಮಾಡಿ, ಗೇಟ್ ವಾಲ್ವನ್ನು ನಿಧಾನಕ್ಕೆ ತಿರುಗಿಸಿ ಮುಚ್ಚುತ್ತಾ ಬಂದು ಆಮೇಲೆ ಆಫ್ ಮಾಡಿದೆ. ಸದ್ದೇ ಇಲ್ಲ. ಮಗ ಹೇಳಿದರು, ಅಪ್ಪ ಯಾವಾಗಲೂ ಹಾಗೇ ಮಾಡುತ್ತಿದ್ದರಂತೆ, ರಾತ್ರಿ ಪಾಳಿಯಿದ್ದರೆ ಟಾರ್ಚ್ ಹಿಡಿದು ಎದ್ದು ಬಂದು ವಾಲ್ವ್ ತಿರುಗಿಸಿ ನಿಲ್ಲಿಸುತ್ತಿದ್ದರಂತೆ. ಅವರು ಹೋದ ಮೇಲೆ ಆಟೋಗೆ ಹಾಕಿ ಬೀಗ ಜಡಿದಿದ್ದಾರೆ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಅಂಗಾದ್ರೆ ಅವನು ಹೋಗಿದ್ದಕ್ಕೇ ಸದ್ದು ಬಂದಿದ್ದು ತಾನೇ? ನಾನೂ ಅದನ್ನೇ ಅಲ್ವಾ ಹೇಳಿದ್ದು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ರಿಪೇರಿ ಖರ್ಚು ಕೇಳಿದರೆ ನಗುತ್ತೀರಿ. ಹಳೇ ಲಾರಿ ಟ್ಯೂಬಿನ ತುಂಡು, ಎರಡು ಹೊಸ ಕ್ಲಾಂಪು, ಎಲ್ಲ ಸೇರಿ ಇನ್ನೂರು ಚಿಲ್ಲರೆ. ಜೊತೆಗೆ ಗುತ್ತಿಗೆಯವರು ಒಂದು ಹೊಸ ನಾನ್ ರಿಟರ್ನ್ ವಾಲ್ವ್ ಹಾಕಿಸಿದರು.

ಆ ಮನೆಯಲ್ಲಿ ಕೂತಾಗ ಮಾಡಿದ ಒಂದೆರಡು ಚಿಲ್ಲರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ದೆವ್ವ ಹುಡುಕುತ್ತಿದ್ದ ಹ್ಯಾರಿ ಪ್ರೈಸ್ 1937ರಲ್ಲಿ ಇಂಗ್ಲೆಂಡಿನ ಬೋರ್ಲಿ ರೆಕ್ಟರಿ ಅನ್ನುವ ದೆವ್ವದ ಮನೆಯನ್ನು ವರ್ಷಕ್ಕೆ 30 ಪೌಂಡಿಗೆ ಬಾಡಿಗೆ ಹಿಡಿದಾಗ ವಸ್ತು ಜರುಗಿದರೆ ಗೊತ್ತಾಗಲಿ ಅಂತ ಅವುಗಳ ಸುತ್ತ ಸೀಮೆಸುಣ್ಣದ ಗೆರೆ ಹಾಕಿಸಿದ್ದನಲ್ಲ, ನಾನು ರಂಗೋಲಿ ಪುಡಿ ಹಾಕಿದೆ. ಕಲ್ಲಿನ ಪುಡಿಯೇ ಬೇಕು. ಮೊದಲ ದಿನ ಅಕ್ಕಿ ಹಿಟ್ಟು ಹಾಕಿ ಬೆಳಗ್ಗೆ ನೋಡಿದರೆ ಇರುವೆ ಮೆರವಣಿಗೆ. ಮತ್ತೊಂದು, 1,800ಕ್ಕೆ ಕೊಂಡ ಹಳೇ ಕಿನೆಕ್ಟ್ ಕ್ಯಾಮೆರಾ. ಎಸ್‌ಎಲ್‌ಎಸ್ ಅಂತ ದೆವ್ವ ಹುಡುಕುವವರೆಲ್ಲ ಕಡ್ಡಿ ಗೊಂಬೆ ತೋರಿಸುತ್ತಾರಲ್ಲ, ಅದೇ. ಅಟ್ಟದ ಕಡೆ ತಿರುಗಿಸಿದರೆ ಕಾಯಿ ರಾಶಿಯ ಮೇಲೆ ಒಬ್ಬ, ನೇತುಹಾಕಿದ ಕಂಬಳಿಯಲ್ಲಿ ಒಬ್ಬ. ಕ್ಯಾಮೆರಾದ ತಪ್ಪಲ್ಲ, ಮನುಷ್ಯನನ್ನು ಹುಡುಕು ಅಂತ ಮಾಡಿದ ಯಂತ್ರ ಅದು, ಹುಡುಕುತ್ತದೆ. ಇನ್ನು 1998ರಲ್ಲಿ ವಿಕ್ ಟ್ಯಾಂಡಿ ಬರೆದ, ಫ್ಯಾನಿನ ಕಿವಿಗೆ ಕೇಳದ 19 ಹರ್ಟ್ಸ್ ನಡುಕದಿಂದ ದೆವ್ವ ಕಂಡ ಹಾಗಾದ ಕಥೆ ಓದಿದವರಿಗೆಲ್ಲ ತಮಗೂ ಒಂದು 19 ಸಿಗಲಿ ಅಂತ ಆಸೆ. ನನಗೆ ಸಿಕ್ಕಿದ್ದು 24. ಪಕ್ಕದ ಬೀದಿಯ ಹಿಟ್ಟಿನ ಗಿರಣಿ, ಸಂಜೆ ಆರಕ್ಕೆ ನಿಂತುಹೋಯಿತು.

ಸಂಭಾವನೆ ಅಂತ ನಾನು ಏನೂ ಕೇಳುವುದಿಲ್ಲ. ಹೊರಡುವಾಗ ಡಿಕ್ಕಿಗೆ ಐವತ್ತು ತೆಂಗಿನಕಾಯಿ ಹಾಕಿದರು. ಆವತ್ತಿನ ರೇಟಿನಲ್ಲಿ ಪೆಟ್ರೋಲಿನ ಅರ್ಧ ದುಡ್ಡು ಬಂದ ಹಾಗಾಯಿತು. ರೆಮ್ ಪಾಡ್ ಮಾರಾಟಕ್ಕಿದೆ, ಮೂರು ಸಾವಿರಕ್ಕೆ ಕೊಡುತ್ತೇನೆ. ಮಳೆಗಾಲಕ್ಕೆ ಮುಂಚೆ ಬಂದು ತಗೊಂಡು ಹೋಗಿ.