ಸೋಲಾರ್ ಕೊಟೇಶನ್ ಕೇಳುವ ಮೊದಲು ಮೆಸ್ಕಾಂ ಬಿಲ್ ಹುಡುಕಿ

ಕಟಪಾಡಿಯ ನಮ್ಮ ಮನೆಯ ತಾರಸಿ ಮೇಲೆ ಪ್ಯಾನೆಲ್ ಕಂಡವರು ಕೇಳುವುದು ಒಂದೇ: "ಮಾಷ್ಟ್ರೇ, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರ್ತದೆ?" ನಾನು ತಿರುಗಿ ಕೇಳುತ್ತೇನೆ, "ನಿಮ್ಮಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಹೋಗ್ತದೆ?" ಹೆಚ್ಚಿನವರಿಗೆ ಬಿಲ್ಲಿನ ರೂಪಾಯಿ ಗೊತ್ತು, ಯೂನಿಟ್ ಗೊತ್ತಿಲ್ಲ.

ಹಾಗಾಗಿ ಮೊದಲು ಒಂದು ವರ್ಷದ ಬಿಲ್ ತೆಗೆದು ಯೂನಿಟ್ ಮಾತ್ರ ಬರೆದುಕೊಳ್ಳಿ. ತಿಂಗಳಿಗೆ 200ರ ಒಳಗಿದ್ದು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ, ದುಡ್ಡಿನ ಆಸೆಗೆ ಸೋಲಾರ್ ಹಾಕಬೇಡಿ. ಕಟ್ಟದ ಬಿಲ್ಲಿನಲ್ಲಿ ಉಳಿಸುವುದೇನು, ಅಲ್ವಾ? 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಸಿ, ಗೀಸರ್, ಬಾವಿಯ ಪಂಪು ಎಲ್ಲ ಇದ್ದು ಪ್ರತಿ ತಿಂಗಳು 300ರ ಮೇಲೆ ಹೋಗುವ ಮನೆಗೆ ಮಾತ್ರ ಮುಂದಿನ ಲೆಕ್ಕ.

1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎನ್ನುತ್ತಾರೆ ಮಾರುವವರು. ಬಯಲುಸೀಮೆಗೆ ಅದು ಸರಿ. ಇಲ್ಲಿ ಕರಾವಳಿಯಲ್ಲಿ ಆಟಿಯ (ಜುಲೈ-ಆಗಸ್ಟ್) ಮಳೆ ಹಿಡಿದರೆ ಎಷ್ಟೋ ದಿನ ಅದರ ಅರ್ಧವೂ ಬರುವುದಿಲ್ಲ. ಫೆಬ್ರವರಿಯಿಂದ ಮೇವರೆಗಿನ ಬಿಸಿಲು ಸ್ವಲ್ಪ ತುಂಬಿಕೊಡುತ್ತದೆ. ನಾನು ವರ್ಷದ ಸರಾಸರಿ 3.5 ಎಂದು ಹಿಡಿಯುತ್ತೇನೆ. 3 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ ಸುಮಾರು 3,800 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಉಳಿತಾಯ 22,800. ಖರ್ಚು 2 ಲಕ್ಷ ಎಂದಿಟ್ಟುಕೊಳ್ಳಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ಸಬ್ಸಿಡಿ ಹೋಗಿ ಕೈಯಿಂದ 1,22,000. ಅಂದರೆ ಐದೂವರೆ ವರ್ಷದ ಹತ್ತಿರ. ಮೂರು ವರ್ಷ ಎಂದವರ ಬಳಿ ಮಳೆಗಾಲದ ಲೆಕ್ಕ ಕೇಳಿ ನೋಡಿ.

ಸಬ್ಸಿಡಿ 3 ಕಿಲೋವ್ಯಾಟ್‌ಗೆ ನಿಲ್ಲುತ್ತದೆ. ಮೇಲೆ ಎಷ್ಟು ಹಾಕಿದರೂ ಅದೇ 78,000. ಖರ್ಚಾಗದೆ ಉಳಿದ ಯೂನಿಟ್ಟಿಗೆ ಮೆಸ್ಕಾಂ ಕೊಡುವ ದರ ನಾವು ಕಟ್ಟುವ ದರಕ್ಕಿಂತ ತೀರಾ ಕಡಿಮೆ. "ಜಾಸ್ತಿ ಹಾಕಿ ಮಾರುವ" ಯೋಚನೆ ಬಿಡಿ. ನಿಗದಿತ ಶುಲ್ಕ ಸೋಲಾರ್ ಬಂದ ಮೇಲೂ ಕಟ್ಟಲೇಬೇಕು.

ಪರಿಸರದ ಲೆಕ್ಕ ಇದಕ್ಕಿಂತ ಬೇಗ ಮುಗಿಯುತ್ತದೆ. ಪ್ಯಾನೆಲ್ ತಯಾರಿಸಲು ಖರ್ಚಾದ ಶಕ್ತಿಯನ್ನು ನಮ್ಮ ಬಿಸಿಲಿನಲ್ಲಿ ಅದು ಒಂದೆರಡು ವರ್ಷದಲ್ಲಿ ತೀರಿಸುತ್ತದೆ. ಬಾಳಿಕೆ 25 ವರ್ಷ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ, ಹೆಚ್ಚಿನದು ಕಲ್ಲಿದ್ದಲಿನದು. 3,800 ಯೂನಿಟ್‌ಗೆ ಎರಡೂವರೆ ಟನ್ನಿಗೂ ಜಾಸ್ತಿ. ಪಡುಬಿದ್ರಿ ಹತ್ತಿರ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದ ಚಿಮಣಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಲಾಭ ಬಿಲ್ ಸೊನ್ನೆ ಬರುವ ಮನೆಯಿಂದಲೂ ಸಿಗುತ್ತದೆ. ದುಡ್ಡು ವಾಪಸ್ ಬಾರದಿದ್ದರೂ ಚಿಂತೆಯಿಲ್ಲ ಎನ್ನುವವರು ಧಾರಾಳ ಹಾಕಿ.

ಇನ್ನು ತೆಂಗಿನ ಮರ. ನಮ್ಮ ಕಡೆ ಲೆಕ್ಕ ಕೆಡಿಸುವುದು ಅದೇ. ಒಂದು ಮಡಲಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಬೇರೆ ಪ್ಯಾನೆಲ್‌ಗಳ ಉತ್ಪಾದನೆಯೂ ಇಳಿಯಬಹುದು. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ಆಗ ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತಾರಸಿ ಹತ್ತಿ, ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಯೊಳಗೆ ಪ್ಯಾನೆಲ್ ಬೇಡ. ನೆರೆಮನೆಯ ತೆಂಗಿನ ಸಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಹತ್ತು ವರ್ಷದಲ್ಲಿ ಅದೂ ಮರವೇ.

ಎರಡನೆಯದು ಉಪ್ಪುಗಾಳಿ. ಮಲ್ಪೆ, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರದ ಮನೆಯಾದರೆ ಬರೀ ಪೇಂಟ್ ಹೊಡೆದ ಕಬ್ಬಿಣದ ಸ್ಟ್ಯಾಂಡ್ ಒಪ್ಪಬೇಡಿ. ಕರಗಿದ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ (ಜಿಐ) ಅಥವಾ ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್. ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ತಂತಿ ಮುಟ್ಟುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ಲ! ಮನೆಯ ಇನ್ವರ್ಟರ್ ಗುಜರಿಗೆ ಹಾಕಬೇಡಿ.

ಕೊನೆಗೆ ಕಾಗದಪತ್ರ. ನಮ್ಮೂರಲ್ಲಿ ಎಷ್ಟೋ ಮೀಟರ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಪಾಲು ಆಗಿಲ್ಲ, ಅಣ್ಣ ಮುಂಬಯಿಯಲ್ಲಿ. ಸಬ್ಸಿಡಿ ಅರ್ಜಿಗೆ ಆರ್‌ಆರ್ ನಂಬರಿನ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಹೆಸರೂ ನಿಮ್ಮ ಹೆಸರೂ ಹೊಂದಬೇಕು. ಅಣ್ಣ ರಜೆಗೆ ಬಂದಾಗ ಮೊದಲು ಹೆಸರು ಬದಲಾಯಿಸಿ, ಕೊಟೇಶನ್ ಆಮೇಲೆ.