ಟೆಂಡರ್ ಹಾಕುವ ವಾಷಿಂಗ್ ಮಷೀನುಗಳು: ಬಳ್ಳಾರಿಯ ಜೀನ್ಸ್ ಶೆಡ್ಡಿನಲ್ಲಿ ನನ್ನ ಅನುಭವ

ಹೋದ ದಸರಾ ಆರ್ಡರ್ ಹೊತ್ತಿನಲ್ಲಿ ನಮ್ಮ 2ನೇ ನಂಬರ್ ಮಷೀನಿನ ಗೇರ್‌ಬಾಕ್ಸ್ ಮುರಿಯಿತು. ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಕೊಳ್ಳುತ್ತಿದ್ದೆ. ಸಂಜೆವರೆಗೂ ಒಂದು ಫೋನ್ ಬರಲಿಲ್ಲ. ಉಳಿದ ಮಷೀನುಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಲಾಟುಗಳನ್ನು ಹಂಚಿಕೊಂಡಿದ್ದವು. ಮಷೀನುಗಳೇ ಕೆಲಸ ಹಂಚಿಕೊಳ್ಳುವಂತೆ ಮಾಡುತ್ತೇನೆ ಎಂದಾಗ ಎರಡು ವರ್ಷದಿಂದ 'ಇದು ಆಗೋ ಮಾತಲ್ಲ' ಎನ್ನುತ್ತಿದ್ದವರು ಅವತ್ತು ಸುಮ್ಮನಾದರು.

ನಮ್ಮದು ಜೀನ್ಸ್ ವಾಷಿಂಗ್ ಶೆಡ್ಡು. 5 ವಾಷಿಂಗ್ ಮಷೀನು, 2 ಹೈಡ್ರೋ (ಒಗೆದ ಬಟ್ಟೆಯ ನೀರು ಹಿಂಡುವ ಮಷೀನು), 4 ಡ್ರೈಯರ್. ದಿನಕ್ಕೆ 30-35 ಲಾಟು. ಒಂದಕ್ಕೆ ಎಂಜೈಮ್, ಇನ್ನೊಂದಕ್ಕೆ ಸ್ಟೋನ್, ಮತ್ತೊಂದಕ್ಕೆ ಬ್ಲೀಚ್, ಹೀಗೆ ಬೇರೆ ಬೇರೆ ವಾಷು. ಮೊದಲು ಒಂದೇ ಕಂಪ್ಯೂಟರಿನಲ್ಲಿ ಇಡೀ ದಿನದ ಪ್ಲಾನ್ ಹಾಕಿದೆ. ಕರೆಂಟ್ ಹೋದರೆ, ಒಂದು ಲಾಟು ತಡವಾದರೆ, ಅಷ್ಟೂ ಪ್ಲಾನ್ ಕೆಡುತ್ತಿತ್ತು. ಅದಕ್ಕೇ ಸುಮಾರು 40,000 ರೂಪಾಯಿ ಹೋಯಿತು.

ಆಮೇಲೆ ಕಾಂಟ್ರಾಕ್ಟ್ ನೆಟ್ ಹಿಡಿದೆ. ಅಂದರೆ ಕಂಪ್ಯೂಟರುಗಳು ಟೆಂಡರ್ ಕರೆದು ತಮ್ಮಲ್ಲೇ ಕೆಲಸ ಹಂಚಿಕೊಳ್ಳುವ ಪದ್ಧತಿ. 1980ರಲ್ಲಿ ರೀಡ್ ಸ್ಮಿತ್ ಎಂಬ ಕಂಪ್ಯೂಟರ್ ವಿಜ್ಞಾನಿ ಬರೆದದ್ದು. ರಾಯಚೂರು ಎಪಿಎಂಸಿಯಲ್ಲಿ ಹತ್ತಿ ಲಾಟಿಗೆ ಟೆಂಡರ್ ಹಾಕ್ತಾರಲ್ಲ, ಹಾಗೇ. ಆದರೆ ಇಲ್ಲಿ ದುಡ್ಡಿನ ಬದಲು ಟೈಮು, ಬೇಗ ಮುಗಿಸುವ ಮಷೀನಿಗೆ ಲಾಟು. ಪ್ರತಿ ಮಷೀನಿಗೂ ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಇಎಸ್‌ಪಿ32, ಮಾತುಕತೆಗೆ ಎಂಕ್ಯೂಟಿಟಿ ಎಂಬ ಮೆಸೇಜು ಕಳಿಸುವ ಪದ್ಧತಿ. ಕೆಲಸ ಮುಗಿಸಿದ ಮಷೀನೇ ಮುಂದಿನ ಹಂತಕ್ಕೆ ಟೆಂಡರ್ ಕರೆಯುತ್ತದೆ. ಗೆದ್ದ ಮಷೀನಿನ ಹಸಿರು ದೀಪ ಹತ್ತುತ್ತದೆ, ಹುಡುಗರು ಟ್ರಾಲಿ ಅಲ್ಲಿಗೆ ತಳ್ಳುತ್ತಾರೆ. "ಮಷಿನ್ ಮಷಿನ್ ಮಾತಾಡ್ಕೊಂಡ್ರೆ ನಾವ್ಯಾಕ್ ಬೇಕ್ರಿ?" ಎಂದರು ನಮ್ಮ ವಾಷಿಂಗ್ ಮಾಸ್ಟರ್.

ಮೊದಲ ವಾರ ಕೆಟ್ಟದಾಗಿ ಹೋಯಿತು. ವಾಷಿಂಗ್ ಮಷೀನುಗಳು ತಮ್ಮ ಟೈಮನ್ನಷ್ಟೇ ಲೆಕ್ಕ ಹಾಕಿ ಲಾಟು ಹಿಡಿದವು. ಹೈಡ್ರೋ ಮುಂದೆ ಒದ್ದೆ ಟ್ರಾಲಿಗಳ ಸಾಲು. ನೀಲಿ ಬಿಟ್ಟು ಬಿಳಿ ಜೇಬಿಗೆಲ್ಲ ಹತ್ತಿತು. ಸರಿ, ಟೆಂಡರ್ ಹಾಕುವ ಮೊದಲು ಹೈಡ್ರೋ ಹತ್ತಿರ ಜಾಗ ಕೇಳಿಕೊಳ್ಳಬೇಕು ಎಂದು ಬರೆದೆ. ಈಗ ಸೋತ ಮಷೀನುಗಳೂ ಜಾಗ ಹಿಡಿದೇ ಕೂತವು! ಖಾಲಿ ಹೈಡ್ರೋ 'ನಾನು ಬಿಜಿ' ಎನ್ನುತ್ತಿತ್ತು. 15 ಸೆಕೆಂಡಿನಲ್ಲಿ ಖಾತ್ರಿ ಮಾಡದಿದ್ದರೆ ಜಾಗ ಬಿಟ್ಟುಬಿಡಬೇಕು ಎಂದ ಮೇಲೆ ಸರಿಹೋಯಿತು. ಈ ಒಂದು ಸಾಲು ಹೊಳೆಯೋಕೆ ನನಗೆ ತಿಂಗಳು ಹಿಡಿಯಿತು.

ದೊಡ್ಡ ಪೆಟ್ಟು ಬಿದ್ದದ್ದು ಕರೆಂಟಿನಿಂದ. ಹೋಗಿ ಬಂದಾಗ ಎಂಕ್ಯೂಟಿಟಿ ಸರ್ವರಿನಲ್ಲಿ ಉಳಿದುಕೊಂಡಿದ್ದ (ರಿಟೇನ್ ಆಗಿದ್ದ) ಹಳೇ ಮೆಸೇಜನ್ನು ಬೋರ್ಡುಗಳು ಹೊಸ ಟೆಂಡರ್ ಎಂದುಕೊಂಡವು. ಎಂಜೈಮ್ ಮುಗಿದಿದ್ದ ಲಾಟಿಗೆ ಮತ್ತೆ ಎಂಜೈಮ್. 80 ಪೀಸು ಹಾಳು, ಪಾರ್ಟಿ ಬಿಲ್ಲಿನಲ್ಲಿ 30,000 ಹತ್ತಿರ ಹಿಡಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಪ್ರತಿ ಟೆಂಡರಿಗೂ ಏರುವ ನಂಬರ್ ಇದೆ, ಕೊನೆಯ ನಂಬರ್ ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಯುತ್ತದೆ. ಹಳೆಯದು ಬಂದರೆ ಬಿಸಾಕುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಮಾತಾಡಬಾರದು ಅಲ್ವಾ, ಅದಕ್ಕೆ ಒಂದೊಂದೂ ಬೇರೆ ಬೇರೆ ಹೊತ್ತು ಕಾಯುತ್ತದೆ.

ಕಪ್ಪು ಲಾಟು ಆದ ಮೇಲೆ ತಿಳಿ ಬಣ್ಣದ್ದು ಬಂದರೆ ಮಷೀನು ತನ್ನ ಟೈಮಿಗೆ ಎಷ್ಟು ಜಾಸ್ತಿ ಸೇರಿಸಿ ಹೇಳಬೇಕು? ಆ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ನನ್ನ ಊಟ ಅದರಲ್ಲಿದೆ.

ನಡುವೆ ಬಾಯ್ಲರಿಗೂ ಒಂದು ಬೋರ್ಡು ಹಾಕಿ ನೋಡಿದೆ. ಸ್ಟೀಮ್ ಕಡಿಮೆಯಾದರೆ ಅದು ಹೇಳುತ್ತದೆ, ಮಷೀನುಗಳು ಸರದಿ ಮೇಲೆ ನೀರು ಬಿಸಿ ಮಾಡುತ್ತವೆ. ಸಿರುಗುಪ್ಪದಿಂದ ತರಿಸುವ ಭತ್ತದ ಹೊಟ್ಟು ವಾರಕ್ಕೆ ಏಳೆಂಟು ಚೀಲ ಉಳಿಯುತ್ತಿದೆ.

ಬಾಯ್ಲರಿನ ಪ್ರೆಷರ್ ಸೆನ್ಸರ್ ಮಾತ್ರ ಎರಡು ಸಲ ಸುಟ್ಟಿತು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕಾವನ್ನು ಅದು ತಡೆಯಲಿಲ್ಲ. ಮೂರನೆಯದನ್ನು ಗೋಡೆಯಾಚೆ ನೆರಳಿಗೆ ಕೂರಿಸಿದ್ದೇನೆ.

ನಷ್ಟ ಸೇರಿ ಒಟ್ಟು ಖರ್ಚು 1,20,000 ರೂಪಾಯಿ ಆಗಿರಬಹುದು. ಈಗ ದಿನಕ್ಕೆ 40 ಲಾಟು ದಾಟುತ್ತದೆ. ಹೋದ ವಾರ ಮಾಸ್ಟರೇ ಬಂದು, "ಟ್ರಾಲಿಗೂ ಒಂದು ಬೋರ್ಡ್ ಹಾಕ್ರಿ, ಎಲ್ಲಿ ನಿಂತೈತಿ ಗೊತ್ತಾಗ್ಲಿ" ಎಂದರು. ಬೋರ್ಡು ತರಿಸಿದ್ದೇನೆ.