ಬೆರಟಿ ತಳ ಹಿಡಿಯದ ಒಲೆಗಾಗಿ

ಹಳೆಯ ಅಡುಗೆಮನೆಯ ಮಾಡು ಇಳಿಸಿ ಹೊಸದಾಗಿ ಕಟ್ಟಿಸುವ ಸಂದರ್ಭದಲ್ಲಿ, ಇಪ್ಪತ್ತೆರಡು ವರ್ಷ ದುಡಿದ ಎರಡು ಬರ್ನರಿನ ಗ್ಯಾಸ್ ಒಲೆಗೆ ವಿಶ್ರಾಂತಿ ಕೊಟ್ಟು, ಮೇಲೆ ಐದು ಬರ್ನರು ಮತ್ತು ಕೆಳಗೆ ಓವನ್ ಇರುವ, ನೆಲದ ಮೇಲೆ ನಿಲ್ಲುವ 90 ಸೆಂಟಿಮೀಟರ್ ಅಗಲದ ರೇಂಜ್ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿರುವ ಅಡಕೆ ತೋಟದ ಮನೆ. ಇಂಥ ಒಲೆಯನ್ನು ಕಣ್ಣಿಂದ ನೋಡಬೇಕಾದರೂ ಮಂಗಳೂರಿಗೆ ಹೋಗಬೇಕು. ಒಂದೂವರೆ ಲಕ್ಷ ರೂಪಾಯಿಯ ಒಳಗೆ ಮುಗಿಸಬೇಕೆಂಬುದು ಯಜಮಾನರ ಷರತ್ತಾದರೆ, ಅತ್ತೆಯವರದು ಒಂದೇ ಮಾತು: "ಬೆರಟಿ ತಳ ಹಿಡಿಯದ ಒಲೆಯಾದರೆ ಸಾಕು ಮಾರಾಯ್ತಿ, ಮತ್ತೆ ನೀನು ಯಾವುದು ಬೇಕಾದರೂ ತೆಗೆದುಕೊ." ಬೆರಟಿ ಎಂದರೆ ಹಲಸಿನ ಹಣ್ಣನ್ನು ಗಟ್ಟಿಯಾಗುವ ತನಕ ಕಾಯಿಸಿದ ಪಾಕ. ಈ ಮಾತಿನ ಬೆಲೆ ನನಗೆ ಆಗ ತಿಳಿಯಲಿಲ್ಲ.

ಮೊದಲ ಸಲ ಅಂಗಡಿಗೆ ಹೋದಾಗ ನಾನು ನೋಡಿದ್ದು ದೊಡ್ಡ ಬರ್ನರಿನ ಶಕ್ತಿಯನ್ನು ಮಾತ್ರ. ಅಂಗಡಿಯವರೂ ಅದನ್ನೇ ಮುಂದಿಟ್ಟು ತೋರಿಸುತ್ತಾರೆ. ಯುರೋಪಿನ ಒಲೆಗಳಲ್ಲಿ ಶಕ್ತಿಯನ್ನು ಕಿಲೋವಾಟಿನಲ್ಲಿ, ಅಮೆರಿಕದವುಗಳಲ್ಲಿ ಬಿಟಿಯು ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ಕಿಲೋವಾಟ್ ಎಂದರೆ ಗಂಟೆಗೆ ಸುಮಾರು 3,412 ಬಿಟಿಯು ಎಂಬ ಲೆಕ್ಕ ಗೊತ್ತಿದ್ದರೆ, 18,000 ಎಂಬ ಅಂಕಿ ಕಂಡು ಬೆರಗಾಗಬೇಕಾದ ಅಗತ್ಯವಿಲ್ಲ, ಅದು 5.3 ಕಿಲೋವಾಟ್ ಅಷ್ಟೆ. ಅಮೆರಿಕದಲ್ಲಿರುವ ಭಾವನ ಮಗ ಅಲ್ಲಿಂದಲೇ ಒಂದು ರೇಂಜ್ ಕಳುಹಿಸುತ್ತೇನೆಂದು ಹುರುಪಿನಿಂದ ಹೇಳಿದ್ದ. ಅಲ್ಲಿಯ ಒಲೆಗಳ ಕಿಡಿ ಹೊತ್ತಿಸುವ ವ್ಯವಸ್ಥೆಯೂ ಓವನ್ನಿನ ನಿಯಂತ್ರಣವೂ 120 ವೋಲ್ಟಿನ ವಿದ್ಯುತ್ತಿಗೆ ಮಾಡಿದವು, ನಮ್ಮ ಮನೆಗೆ ಬರುವುದು 230 ವೋಲ್ಟ್, ಮೇಲಾಗಿ ಕೆಟ್ಟರೆ ಬಿಡಿಭಾಗ ಸಿಗುವ ಭರವಸೆಯಿಲ್ಲ ಎಂದು ಹೇಳಿ ಅವನನ್ನು ಸಮಾಧಾನಪಡಿಸಿದೆ. ಮಂಗಳೂರಿನಲ್ಲಿ ನನ್ನ ಕಣ್ಣು ಹೋದದ್ದು ಇಟಲಿಯ ಎರಡು ಹೆಸರುಗಳ ಮೇಲೆ. 1882ರಲ್ಲಿ ಆರಂಭವಾದ ಬರ್ಟಜೋನಿ ಮತ್ತು 1948ರಲ್ಲಿ ಆರಂಭವಾದ ಸ್ಮೆಗ್ ಎರಡೂ ಗ್ವಾಸ್ತಾಲ್ಲಾ ಎಂಬ ಒಂದೇ ಊರಿನವು, ಎರಡರ ಮೂಲವೂ ಒಂದೇ ಮನೆತನ ಎಂಬುದು ಆಮೇಲೆ ತಿಳಿಯಿತು. ನೋಡಲು ಚಂದವೇನೋ ಹೌದು, ಆದರೆ ಎರಡರ ಬೆಲೆಯೂ ಯಜಮಾನರ ಗೆರೆಯನ್ನು ದಾಟಿತ್ತು.

ಎರಡನೆಯ ಸಲ ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ನಾವು ದಿನವೂ ಬಳಸುವ ಪಾತ್ರೆಗಳನ್ನು ಹಳೆಯ ಪತ್ರಿಕೆಯ ಮೇಲೆ ಕವುಚಿಟ್ಟು ಅವುಗಳ ಬಾಯಿಯ ಸುತ್ತ ಗೆರೆ ಎಳೆದು, ವೃತ್ತಗಳನ್ನು ಕತ್ತರಿಸಿ, ಪ್ರತಿಯೊಂದರ ಮೇಲೂ ಹೆಸರು ಬರೆದುಕೊಂಡೆ: ಕುಚ್ಚಿಲಕ್ಕಿ ಬೇಯಿಸುವ ಪಾತ್ರೆ, ನೀರುದೋಸೆಯ ಕಾವಲಿ, ಕೊಟ್ಟೆ ಕಡುಬು ಬೇಯಿಸುವ ಅಟ್ಟಿನಳಗೆ, ಕಂಚಿನ ಉರುಳಿ, ಚಾ ಪಾತ್ರೆ. ಅಂಗಡಿಯಲ್ಲಿ ಈ ಕಾಗದದ ತುಂಡುಗಳನ್ನು ಒಂದೊಂದು ಒಲೆಯ ಮೇಲೂ ಹರಡಿ ನೋಡುವಾಗ ಅಲ್ಲಿಯ ಹುಡುಗರು ನಗುತ್ತಿದ್ದರು. ಆದರೆ ಐದು ಬರ್ನರು ಎಂಬ ಮಾತಿನ ನಿಜ ಹೊರಬಿದ್ದದ್ದು ಆಗಲೇ. ನಡುವಿನ ದೊಡ್ಡ ಬರ್ನರಿನ ಮೇಲೆ 36 ಸೆಂಟಿಮೀಟರಿನ ಅಟ್ಟಿನಳಗೆಯ ಕಾಗದ ಇಟ್ಟರೆ ಕೆಲವು ಮಾದರಿಗಳಲ್ಲಿ ಸುತ್ತಲಿನ ನಾಲ್ಕರಲ್ಲಿ ಒಂದೂ ಬಳಕೆಗೆ ಉಳಿಯುತ್ತಿರಲಿಲ್ಲ. ದೊಡ್ಡ ಬರ್ನರನ್ನು ಎಡಬದಿಗೆ ಒಂಟಿಯಾಗಿಟ್ಟು ಉಳಿದ ನಾಲ್ಕನ್ನು ಬಲಕ್ಕೆ ಜೋಡಿಸಿದ ಮಾದರಿಯಲ್ಲಿ ಅಟ್ಟಿನಳಗೆ, ಕಾವಲಿ ಮತ್ತು ಸಾಂಬಾರಿನ ಪಾತ್ರೆ ಮೂರೂ ಒಟ್ಟಿಗೆ ಕುಳಿತವು. ನಾವು ಕೊನೆಗೆ ತಂದದ್ದು ಅದನ್ನೇ. ಬೀಡುಕಬ್ಬಿಣದ ಜಾಲರಿಯ ಬೆರಳುಗಳ ನಡುವಣ ಅಂತರವನ್ನೂ ನೋಡಿಕೊಂಡೆ. ಚಾ ಪಾತ್ರೆ ಒಂದು ಕಡೆಗೆ ವಾಲಿದರೆ ಎಷ್ಟು ದುಬಾರಿಯ ಒಲೆಯಾದರೂ ದಿನಕ್ಕೆ ನಾಲ್ಕು ಸಲ ಬೈಗುಳ ತಿನ್ನುತ್ತದೆ.

ಸಣ್ಣ ಉರಿಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಯಾವ ಬರ್ನರು ಎಷ್ಟು ಜೋರಾಗಿ ಉರಿಯುತ್ತದೆಂದು ಪಟ್ಟಿಯಲ್ಲಿ ಬರೆದಿರುತ್ತದೆ, ಎಷ್ಟು ಸಣ್ಣಗೆ ಉರಿಯುತ್ತದೆಂದು ಬರೆದಿರುವುದು ಅಪರೂಪ. ನಮ್ಮ ಅಡುಗೆಯಲ್ಲಿ ಜೋರು ಉರಿ ಬೇಕಾಗುವುದು ಕಡುಬಿನ ನೀರು ಕುದಿಯುವ ತನಕ, ಹಪ್ಪಳ ಕರಿಯುವಾಗ, ಇಲ್ಲವೇ ಹತ್ತಾರು ಮಂದಿ ಉಣ್ಣುವ ದಿನ. ಉಳಿದದ್ದೆಲ್ಲ ಸಣ್ಣ ಉರಿಯ ಕೆಲಸ: ಹಾಲು, ಕಷಾಯ, ಗಂಜಿ, ಮತ್ತು ಹಲಸಿನ ಹಣ್ಣಿನ ಕಾಲದಲ್ಲಿ ಗಂಟೆಗಟ್ಟಲೆ ಮರದ ಸಟ್ಟುಗದಿಂದ ಮಗುಚಬೇಕಾದ ಬೆರಟಿ. ದೊಡ್ಡ ಬರ್ನರಿನಲ್ಲಿ ಒಳಗೊಂದು ಹೊರಗೊಂದು ಉಂಗುರವಿದ್ದು, ಒಳಗಿನದನ್ನಷ್ಟೇ ಬೇರೆಯಾಗಿ ಉರಿಸಲು ಬರುವಂತಿದ್ದರೆ, ಅಗಲವಾದ ಉರುಳಿಯನ್ನು ಅದರ ಮೇಲಿಟ್ಟೂ ಸಣ್ಣ ಉರಿಯಲ್ಲಿ ಬೇಯಿಸಬಹುದು. ಈ ಒಂದು ಸೌಲಭ್ಯಕ್ಕಾಗಿ ನಾನು ಗಾಜಿನ ಮುಚ್ಚಳ, ಬಣ್ಣದ ದೀಪ, ಗಡಿಯಾರ ಎಲ್ಲವನ್ನೂ ಬಿಟ್ಟುಕೊಟ್ಟೆ.

ಉರಿ ಆರಿದರೆ ಗ್ಯಾಸನ್ನು ತಾನಾಗಿ ನಿಲ್ಲಿಸುವ ಸುರಕ್ಷಾ ಸಾಧನವಿಲ್ಲದ ಒಲೆಯನ್ನು ಮಾತ್ರ ಯಾವ ರಿಯಾಯಿತಿಗೂ ಒಪ್ಪಲಿಲ್ಲ. ಬರ್ನರಿನ ಪಕ್ಕದಲ್ಲಿ ಕಡ್ಡಿಯಂತೆ ನಿಂತಿರುವ ಥರ್ಮೋಕಪಲ್ ಉರಿಯ ಬಿಸಿಗೆ ತೀರ ಅಲ್ಪ ವಿದ್ಯುತ್ತನ್ನು ಉಂಟುಮಾಡಿ ಒಳಗಿನ ಕವಾಟವನ್ನು ಅಯಸ್ಕಾಂತದಿಂದ ತೆರೆದಿಡುತ್ತದೆ. ಉರಿ ಆರಿ ಕಡ್ಡಿ ತಣಿದ ಕೂಡಲೇ ಕವಾಟ ಮುಚ್ಚಿಕೊಳ್ಳುತ್ತದೆ. ಹೊತ್ತಿಸುವಾಗ ತಿರುಪನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುವುದೂ ಈ ಕಾರಣಕ್ಕೇ. ಇದಕ್ಕೆ ಮನೆಯ ಕರೆಂಟು ಬೇಡ. ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಾಗಲೂ ಬೆಂಕಿಪೆಟ್ಟಿಗೆಯಿಂದ ಹೊತ್ತಿಸಿ ಅಡುಗೆ ಮಾಡಿದ್ದೇವೆ, ಕಿಟಕಿಯ ಗಾಳಿಗೆ ಉರಿ ಆರಿದಾಗ ಗ್ಯಾಸ್ ನಿಂತದ್ದನ್ನೂ ನೋಡಿದ್ದೇವೆ.

ಓವನ್ನಿನ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಗ್ಯಾಸಿನ ಓವನ್ ಕರೆಂಟಿನ ಹಂಗಿಲ್ಲದೆ ನಡೆಯುತ್ತದೆ, ಆದರೆ ನಾನು ನೋಡಿದ ಮಾದರಿಗಳಲ್ಲಿ ಬಿಸಿ ಮುಖ್ಯವಾಗಿ ತಳದಿಂದಲೇ ಬರುತ್ತಿತ್ತು ಮತ್ತು 140 ಡಿಗ್ರಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. ಬಿಸ್ಕೆಟು ಮಾಡುವ ಮಗಳ ಒತ್ತಾಯಕ್ಕೆ ವಿದ್ಯುತ್ತಿನ ಓವನ್ನನ್ನೇ ಆರಿಸಿದೆವು. ಅದು ಸುಮಾರು 3 ಕಿಲೋವಾಟ್ ಎಳೆಯುವುದರಿಂದ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೂ ಸರಿಯಾದ ಅರ್ಥಿಂಗೂ ಬೇಕಾಯಿತು.

ಒಲೆ ಬರುವ ಮೊದಲೇ ಗ್ಯಾಸಿನ ದಾರಿಯನ್ನು ಸಿದ್ಧಪಡಿಸಿದ್ದು ಒಳ್ಳೆಯದಾಯಿತು. ನೆಲದ ಮೇಲೆ ನಿಲ್ಲುವ ರೇಂಜಿಗೆ ಗ್ಯಾಸ್ ಹೋಗುವ ಬಾಯಿ ಹಿಂಬದಿಯಲ್ಲಿರುತ್ತದೆ. ರಬ್ಬರಿನ ಕಿತ್ತಳೆ ಬಣ್ಣದ ಸುರಕ್ಷಾ ಹೋಸನ್ನು ಬಿಸಿಯಾಗುವ ಓವನ್ನಿನ ಬೆನ್ನಿಗೆ ತಾಗಿಸಿ ಎಳೆಯುವುದು ಅಪಾಯ. ಆದ್ದರಿಂದ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕರಿಂದ ತಾಮ್ರದ ಪೈಪು ಹಾಕಿಸಿ, ಕೈಗೆ ಸಿಗುವಂತೆ ಬದಿಯಲ್ಲಿ ವಾಲ್ವು ಇಡಿಸಿ, ಸಿಲಿಂಡರನ್ನು ಹೊರಗಿನ ಜಗಲಿಯಲ್ಲಿ ಗಾಳಿಯಾಡುವ ಗೂಡಿನಲ್ಲಿ ನಿಲ್ಲಿಸಿದೆವು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಗೂಡಿನ ಕಿಂಡಿ ಮೇಲಿದ್ದು ಫಲವಿಲ್ಲ, ಕೆಳಗಿರಬೇಕು. ಖರ್ಚಿನ ಲೆಕ್ಕವನ್ನೂ ಹಾಕಿದೆ. ಒಂದು ಕಿಲೋ ಅನಿಲದಿಂದ ಸುಮಾರು 12.8 ಕಿಲೋವಾಟ್ ಗಂಟೆಯಷ್ಟು ಶಾಖ ಸಿಗುತ್ತದೆ. 5 ಕಿಲೋವಾಟಿನ ಬರ್ನರನ್ನು ಪೂರ್ತಿ ತೆರೆದಿಟ್ಟರೆ 14.2 ಕಿಲೋ ಸಿಲಿಂಡರು 36 ಗಂಟೆಯಲ್ಲಿ ಬರಿದು. ನಮ್ಮ ಐದೂ ಬರ್ನರುಗಳ ಮೊತ್ತ 12.5 ಕಿಲೋವಾಟ್, ಅಂದರೆ ಎಲ್ಲವನ್ನೂ ಉರಿಸಿದರೆ ಗಂಟೆಗೆ ಹತ್ತಿರಹತ್ತಿರ ಒಂದು ಕಿಲೋ. ಮನೆಬಳಕೆಯ ರೆಗ್ಯುಲೇಟರಿಗೆ ಅಷ್ಟನ್ನು ಒಟ್ಟಿಗೆ ಕೊಡುವ ತ್ರಾಣವಿಲ್ಲ; ಐದನೆಯದನ್ನು ಹೊತ್ತಿಸಿದರೆ ಉಳಿದ ನಾಲ್ಕರ ಉರಿ ಕುಗ್ಗುವುದು ಈಗಲೂ ಕಾಣುತ್ತದೆ.

ಒಲೆ ಬಂತು, ಜೋಡಿಸಿದ್ದೂ ಆಯಿತು. ತೊಡಕು ಶುರುವಾದದ್ದು ಮರುದಿನ. ಬಲಬದಿಯ ಎರಡು ಮಧ್ಯಮ ಬರ್ನರುಗಳ ಉರಿ ನೀಲಿಯಾಗಿರದೆ ಹಳದಿಯಾಗಿ ಪಾತ್ರೆಯ ಅಂಚು ದಾಟಿ ಮೇಲೇರುತ್ತಿತ್ತು, ಸ್ಟೀಲಿನ ಪಾತ್ರೆಯ ತಳಕ್ಕೆ ಸೌದೆ ಒಲೆಯ ಹಾಗೆ ಮಸಿ ಹಿಡಿಯಿತು. ಕಂಪನಿಗೆ ಫೋನು ಮಾಡಿದರೆ, ಕೊಂಡದ್ದು ಮಂಗಳೂರಿನಲ್ಲಾದರೂ ನಮ್ಮ ಮನೆ ಕೇರಳಕ್ಕೆ ಸೇರಿರುವುದರಿಂದ ದೂರನ್ನು ಕಣ್ಣೂರಿನ ಕೇಂದ್ರಕ್ಕೆ ಕೊಡಬೇಕೆಂದರು. ಅಲ್ಲಿಯವರು, ಬಿಲ್ಲು ಕರ್ನಾಟಕದ್ದು ಎಂದರು. ಗಡಿಯಲ್ಲಿರುವವರಿಗೆ ಇದು ಹೊಸತಲ್ಲ. ಒಂಬತ್ತು ದಿನ ಕಾಯುವಷ್ಟರಲ್ಲಿ ನಾನು ಒಲೆಯ ಜೊತೆಗೆ ಬಂದ ಪುಸ್ತಕವನ್ನು ಓದಿ ಮುಗಿಸಿದ್ದೆ.

ಕಾರಣ ಜೆಟ್ಟಿನಲ್ಲಿತ್ತು. ಬರ್ನರಿನ ಬಟ್ಟಲನ್ನು ಎತ್ತಿದರೆ ಅದರ ಗುಂಡಿಯ ತಳದಲ್ಲಿ ಸಣ್ಣ ಹಿತ್ತಾಳೆಯ ತಿರುಪು ಕಾಣುತ್ತದೆ, ಅದರ ನಡುವಿನ ರಂಧ್ರದಿಂದ ಗ್ಯಾಸ್ ಚಿಮ್ಮುತ್ತದೆ. ಆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಒಂದರ ಲೆಕ್ಕದಲ್ಲಿ ಅದರ ತಲೆಯ ಮೇಲೆಯೇ ಕೊರೆದಿರುತ್ತಾರೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಒತ್ತಡವೂ ಅಷ್ಟೇ ಗಾತ್ರದ ಅನಿಲದಿಂದ ಸಿಗುವ ಶಾಖವೂ ಕಡಿಮೆ, ಅದಕ್ಕೆ ದೊಡ್ಡ ರಂಧ್ರ ಬೇಕು; ಸಿಲಿಂಡರಿನ ಅನಿಲಕ್ಕೆ ಸಣ್ಣದು ಸಾಕು. ಟಾರ್ಚು ಹಿಡಿದು ನೋಡಿದಾಗ ಆ ಎರಡು ಬರ್ನರುಗಳಲ್ಲಿ 65 ಎಂದಿರಬೇಕಾದಲ್ಲಿ 97 ಎಂದಿತ್ತು. ಅಂಕಿಯಲ್ಲಿ ಒಂದೂವರೆ ಪಾಲಾದರೂ ರಂಧ್ರದ ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು. ಪೈಪಿನ ಅನಿಲದ ಜೆಟ್ಟುಗಳೊಂದಿಗೆ ಬಂದ ಒಲೆಯನ್ನು ಜೋಡಿಸುವಾಗ ಮೂರು ಬರ್ನರುಗಳ ಜೆಟ್ ಬದಲಿಸಿದ ಹುಡುಗ ಎರಡನ್ನು ಮರೆತಿದ್ದ.

ಕೊನೆಗೆ ಬಂದ ಮೆಕ್ಯಾನಿಕರಿಗೆ ನಾನು ಅಂಕಿಯನ್ನು ತೋರಿಸಿದೆ. ನನ್ನ ಮಲೆಯಾಳ ಅಡುಗೆಮನೆಯ ಮಟ್ಟಿಗೆ ಸಾಲುತ್ತದೆ. ಏಳರ ಸ್ಪಾನರಿನಿಂದ ಹತ್ತು ನಿಮಿಷದಲ್ಲಿ ಜೆಟ್ ಬದಲಾಯಿತು, ಉರಿ ನೀಲಿಯಾಯಿತು. ಅವರು ಚೀಲ ಕಟ್ಟುವಷ್ಟರಲ್ಲಿ ಅತ್ತೆಯವರು ಬಂದು ತಿರುಪನ್ನು ಸಣ್ಣ ಉರಿಗೆ ತಿರುಗಿಸಿ, ಬಗ್ಗಿ ನೋಡಿ, "ಇದು ಸಣ್ಣದೋ?" ಎಂದು ಕೇಳಿದರು. ಹೌದಲ್ಲ, ಸಣ್ಣದರಲ್ಲೂ ಉರಿ ಹಳೆಯ ಒಲೆಯ ನಡುವಿನ ಉರಿಯಷ್ಟಿತ್ತು. ಪುಸ್ತಕದಲ್ಲಿ ಅದೂ ಇತ್ತು: ತಿರುಪಿನ ಹಿಡಿಯನ್ನು ಎಳೆದು ತೆಗೆದರೆ ಒಳಗೊಂದು ಪುಟ್ಟ ಸ್ಕ್ರೂ ಇದೆ, ಸಣ್ಣ ಉರಿಗೆ ಎಷ್ಟು ಗ್ಯಾಸ್ ಹೋಗಬೇಕೆಂದು ಅದು ನಿರ್ಧರಿಸುತ್ತದೆ, ಸಿಲಿಂಡರಿನ ಅನಿಲಕ್ಕೆ ಬದಲಿಸುವಾಗ ಅದನ್ನು ಪೂರ್ತಿ ಬಿಗಿಯಬೇಕು. ಐದರಲ್ಲಿ ಒಂದನ್ನೂ ಬಿಗಿದಿರಲಿಲ್ಲ. ಮೆಕ್ಯಾನಿಕರು ಒಂದೊಂದಾಗಿ ಬಿಗಿಯುತ್ತ ಬಂದಂತೆ ಉರಿ ಕುಗ್ಗಿ, ಬರ್ನರಿನ ಸುತ್ತ ನೀಲಿಯ ಮಣಿಗಳನ್ನು ಪೋಣಿಸಿದ ಹಾಗೆ ನಿಂತಿತು. ಬೇಗನೆ ತಿರುಗಿಸಿ ನೋಡಿದೆವು, ಓವನ್ನಿನ ಬಾಗಿಲನ್ನು ಬಡಿದು ನೋಡಿದೆವು, ಆರಲಿಲ್ಲ.

ಈಗ ಎರಡು ಹಲಸಿನ ಕಾಲ ಕಳೆದಿದೆ. ಬೆರಟಿ ತಳ ಹಿಡಿಯಲಿಲ್ಲ. ಆದರೆ ನೆಲದಿಂದ 90 ಸೆಂಟಿಮೀಟರ್ ಎತ್ತರದ ರೇಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಆಳದ ಉರುಳಿ ಎಂದಾಗ ಸಟ್ಟುಗ ಹಿಡಿದ ಕೈ ಹೆಗಲಿನ ಮಟ್ಟಕ್ಕೆ ಏರುತ್ತದೆ, ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ. ಕಾಲಿನ ತಿರುಪುಗಳನ್ನು ಕೊನೆಯ ತನಕ ಇಳಿಸಿದರೂ ಮೂರು ಬೆರಳಷ್ಟೇ ತಗ್ಗಿತು. ಕಾಗದದ ವೃತ್ತ ಕತ್ತರಿಸುವಾಗ ಪಾತ್ರೆಯ ಎತ್ತರವನ್ನೂ ಅಳೆಯಬೇಕೆಂದು ನನಗೆ ಹೊಳೆಯಲಿಲ್ಲ. ಎರಡು ಹಣ್ಣಿಗಿಂತ ಹೆಚ್ಚಿನ ಬೆರಟಿಯಾದರೆ ಹಿತ್ತಿಲ ಚಾವಡಿಯ ಸೌದೆ ಒಲೆಗೇ ಹೋಗುತ್ತೇವೆ. ಹಟ್ಟಿಯ ಗೋಬರ್ ಗ್ಯಾಸಿನ ಒಲೆಯನ್ನೂ ತೆಗೆದಿಲ್ಲ. ಅದರ ಒತ್ತಡ ಇನ್ನೂ ಕಡಿಮೆ, ಆ ಗ್ಯಾಸನ್ನು ಈ ರೇಂಜಿಗೆ ಜೋಡಿಸಲು ಬಾರದು, ದನಗಳ ಅಕ್ಕಚ್ಚು ಅದರಲ್ಲೇ ಕುದಿಯುತ್ತದೆ.

ಕಳಚಿದ ಜೆಟ್ಟುಗಳನ್ನು ಮೆಕ್ಯಾನಿಕರು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಕೇಳಿ ಉಳಿಸಿಕೊಂಡೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ, ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿಲೋಮೀಟರಿನ ನೈಸರ್ಗಿಕ ಅನಿಲದ ಕೊಳವೆ ನಮ್ಮ ಜಿಲ್ಲೆಯನ್ನು ಹಾದೇ ಹೋಗಿದೆ. ಅದು ನಮ್ಮ ತೋಟದ ದಾರಿಗೆ ಯಾವತ್ತಾದರೂ ತಿರುಗಿದರೆ ಬೇಕಾಗುವುದು ಇವೇ ದೊಡ್ಡ ರಂಧ್ರದ ಜೆಟ್ಟುಗಳು. ಹಳೆಯ ಇಂಗಿನ ಡಬ್ಬಿಯಲ್ಲಿ ಹಾಕಿ, ಮೇಲೆ "97 – ಪೈಪಿನ ಗ್ಯಾಸಿಗೆ, ಸ್ಕ್ರೂ ಸಡಿಲಿಸಬೇಕು" ಎಂದು ಬರೆದು, ಒಲೆಯ ಪುಸ್ತಕದ ಜೊತೆಗೆ ಕಪಾಟಿನಲ್ಲಿ ಇಟ್ಟಿದ್ದೇನೆ.